ಪಲ್ವಂಕರ್ ಬಾಲೂ: ಧಾರವಾಡದಲ್ಲಿ ಜನಿಸಿದ ಮೇರು ಕ್ರಿಕೆಟ್ ಆಟಗಾರ

ಪೀಠಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಶಾಲಾ-ಕಾಲೇಜು ಮತ್ತು ವಿದ್ಯಾರ್ಥಿನಿಲಯಗಳ ಮಕ್ಕಳಿಗೆ ಎರಪಲ್ಲಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್, ಅನಿಲ್ ಕುಂಬ್ಳೆ ಅವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆದರೆ ಇವರೆಲ್ಲರಿಗಿಂತ ಬಹು ಹಿಂದೆಯೇ, ಭಾರತ ತಂಡವು ಮೊದಲ ಟೆಸ್ಟ್ ಪಂದ್ಯವನ್ನು ಆಡುವುದಕ್ಕೂ ಎರಡು ದಶಕಗಳ ಮುನ್ನ, ಇಂಗ್ಲೆಂಡಿನ ನೆಲದಲ್ಲಿ ನೂರಕ್ಕೂ ಹೆಚ್ಚು ವಿಕೆಟ್‌ಗಳನ್ನು ಪಡೆದ ಸ್ಪಿನ್ ಬೌಲರ್ ಒಬ್ಬರು ಕನ್ನಡ ನೆಲದಲ್ಲಿಯೇ ಹುಟ್ಟಿದ್ದರು ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಅವರೇ ಪಲ್ವಂಕರ್ ಬಾಲೂ. ಅವರ ಜೀವನ ಮತ್ತು ಸಾಧನೆಗಳ ಸಂಕ್ಷಿಪ್ತ ವಿವರಗಳನ್ನು ಸಾರ್ವಜನಿಕರ ಹಾಗೂ ವಿಶೇಷವಾಗಿ ವಿದ್ಯಾರ್ಥಿಗಳ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಬಾಲೂ ಅವರು 1876ರ ಮಾರ್ಚ್ 19ರಂದು ಧಾರವಾಡದಲ್ಲಿ ಜನಿಸಿದರೆಂದು ಕ್ರಿಕೆಟ್ ದಾಖಲೆಗಳು ತಿಳಿಸುತ್ತವೆ. ಆಗ ಧಾರವಾಡವು ಮುಂಬಯಿ ಪ್ರಾಂತ್ಯಕ್ಕೂ, ಚಿತ್ರದುರ್ಗವು ಮೈಸೂರು ಸೀಮೆಗೂ ಸೇರಿದ್ದವು. ಎರಡೂ ಸೀಮೆಗಳನ್ನು ತಲ್ಲಣಗೊಳಿಸಿದ, ಹಿರಿಯರ ಬಾಯಲ್ಲಿ ಧಾತು ಈಶ್ವರದ ಬರವೆಂದು ಉಳಿದುಕೊಂಡಿರುವ ಮಹಾ ಕ್ಷಾಮವು ಆರಂಭವಾದದ್ದು ಅದೇ ವರ್ಷ. ಕುಟುಂಬದ ಮೂಲ ಊರು ಕೊಂಕಣ ತೀರದ ಪಲ್ವಣ. ಮನೆತನದ ಹೆಸರು ಆ ಊರಿನಿಂದಲೇ ಬಂದಿದೆ. ಅಂದಿನ ಸಮಾಜವು ಅಸ್ಪೃಶ್ಯವೆಂದು ಹೊರಗಿರಿಸಿದ್ದ ಚರ್ಮಕಾರ ಸಮುದಾಯಕ್ಕೆ ಅವರು ಸೇರಿದವರು. ತಂದೆಯವರು ಸೈನ್ಯದ ನೌಕರಿಯಲ್ಲಿದ್ದುದರಿಂದ ಕುಟುಂಬವು ಪುಣೆಯಲ್ಲಿ ನೆಲೆಸಿತು. ಇಂದು ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾದು ಹೋಗುವ ಹೆದ್ದಾರಿಯೇ ಧಾರವಾಡವನ್ನು ಮುಟ್ಟಿ ಮುಂದೆ ಪುಣೆಗೆ ಸಾಗುತ್ತದೆ ಎಂಬುದನ್ನು ಗಮನಿಸಿದರೆ, ಈ ಕಥೆ ನಮಗೆ ತೀರ ದೂರದ್ದೇನೂ ಅಲ್ಲವೆಂಬುದು ಮನವರಿಕೆಯಾಗುತ್ತದೆ.

ಸೈನಿಕರು ಬಿಟ್ಟುಹೋದ ಹಳೆಯ ಬ್ಯಾಟು-ಚೆಂಡುಗಳಲ್ಲಿ ಬಾಲೂ ಮತ್ತು ಅವರ ತಮ್ಮ ಶಿವರಾಮ ಆಟ ಕಲಿತರು. ಕಿರಿಯರಾದ ವಿಠ್ಠಲ ಮತ್ತು ಗಣಪತ ಸಹ ಮುಂದೆ ಹೆಸರಾಂತ ಆಟಗಾರರಾದರು. ಒಂದೇ ಮನೆಯ ನಾಲ್ವರು ಸಹೋದರರು ಉನ್ನತ ಮಟ್ಟದ ಕ್ರಿಕೆಟ್ ಆಡಿದ ನಿದರ್ಶನಗಳು ನಮ್ಮ ದೇಶದಲ್ಲಿ ವಿರಳ.

ಮೈದಾನದ ಕೆಲಸಗಾರನಾಗಿ

ಬಾಲೂ ಅವರ ಮೊದಲ ಉದ್ಯೋಗ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದಾಗಿತ್ತು. ಸಂಬಳ ತಿಂಗಳಿಗೆ 3 ರೂಪಾಯಿ. ಸುಮಾರು 1892ರಲ್ಲಿ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಸಂಬಳ 4 ರೂಪಾಯಿಗೆ ಏರಿತು. ಪಿಚ್ಚನ್ನು ಸಮ ಮಾಡುವುದು, ಗೆರೆ ಎಳೆಯುವುದು, ನೆಟ್ ಕಟ್ಟುವುದು ಹಾಗೂ ಟೆನಿಸ್ ಅಂಕಣಗಳನ್ನು ಸಿದ್ಧಪಡಿಸುವುದು ಅವರ ಕರ್ತವ್ಯಗಳಾಗಿದ್ದವು. ಬಿಡುವಿನಲ್ಲಿ ಕ್ಲಬ್ಬಿನ ಸದಸ್ಯರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುವಂತೆ ಅವರಿಗೆ ಹೇಳಲಾಗುತ್ತಿತ್ತು.

ಅವರ ಎಡಗೈ ಸ್ಪಿನ್ ಬೌಲಿಂಗ್ ರೂಪುಗೊಂಡದ್ದು ಇಲ್ಲಿಯೇ. ಆ ಕಾಲದ ಉತ್ತಮ ಬ್ಯಾಟ್ಸ್‌ಮನ್ ಆಗಿದ್ದ ಸೇನಾಧಿಕಾರಿ ಜೆ.ಜಿ. ಗ್ರೆಗ್ ಅವರು ಪ್ರತಿದಿನವೂ ಇತರ ಸದಸ್ಯರಿಗಿಂತ ಮುಂಚಿತವಾಗಿ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಗಳನ್ನು ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಪ್ರತೀತಿಯಿದೆ. ಈ ಲೆಕ್ಕವನ್ನು ಹಾಕಿ ನೋಡಿದರೆ, ಗ್ರೆಗ್ ಅವರನ್ನು ಎಂಟು ಬಾರಿ ಔಟ್ ಮಾಡಿದಲ್ಲಿ ಒಂದು ತಿಂಗಳ ಸಂಬಳವೇ ಕೈಸೇರುತ್ತಿತ್ತು! ಗಂಟೆಗಟ್ಟಲೆ ಚೆಂಡೆಸೆದ ಬಾಲೂ ಅವರಿಗೆ ಆ ಕ್ಲಬ್ಬಿನಲ್ಲಿ ಬ್ಯಾಟ್ ಮಾಡುವ ಅವಕಾಶ ಮಾತ್ರ ಲಭಿಸಲಿಲ್ಲ. ಬ್ಯಾಟಿಂಗ್ ದೊರೆಗಳದು, ಬೌಲಿಂಗ್ ದುಡಿಯುವವರದು ಎಂಬ ಅಲಿಖಿತ ವ್ಯವಸ್ಥೆ ಅಲ್ಲಿತ್ತು.

ಆಟದಲ್ಲಿ ಒಳಗೆ, ಚಹಾ ವಿರಾಮದಲ್ಲಿ ಹೊರಗೆ

ಪುಣೆಯ ಹಿಂದೂ ಕ್ಲಬ್ಬು ಯುರೋಪಿಯನ್ನರನ್ನು ಸೋಲಿಸುವ ಹಂಬಲ ಹೊಂದಿತ್ತು. ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಬಗ್ಗೆ ಸದಸ್ಯರಲ್ಲಿ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು. ತೆಲುಗು ಸದಸ್ಯರು ಪರವಾಗಿದ್ದರೆ, ಬ್ರಾಹ್ಮಣ ಸದಸ್ಯರಲ್ಲಿ ಹಲವರು ವಿರೋಧಿಸಿದರು. ಇಂತಹ ಬೌಲರನನ್ನು ಬಿಟ್ಟರೆ ನಷ್ಟ ಹಿಂದೂಗಳಿಗೇ ಎಂಬರ್ಥದಲ್ಲಿ ಗ್ರೆಗ್ ಅವರು ಬಹಿರಂಗವಾಗಿ ಅಭಿಪ್ರಾಯ ವ್ಯಕ್ತಪಡಿಸಿದ ತರುವಾಯ ಬಾಲೂ ಅವರಿಗೆ ತಂಡದಲ್ಲಿ ಸ್ಥಾನ ದೊರೆಯಿತು.

ಹಾಗೆಂದು ಭೇದಭಾವ ನಿಲ್ಲಲಿಲ್ಲ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮ ಬಂದಾಗ ಮಾತ್ರ ಸಹ ಆಟಗಾರರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಸೇವಿಸುತ್ತಿರುವಾಗ ಬಾಲೂ ಅವರಿಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಮುಖ ತೊಳೆಯಲು ನೀರು ಹಾಕುವುದಕ್ಕೆ ಅವರ ವರ್ಗದವನೇ ಆದ ಆಳು ಬರಬೇಕಾಗಿತ್ತು. ಊಟಕ್ಕೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಮೇಜು. ನಮ್ಮ ಗ್ರಾಮಾಂತರ ಪ್ರದೇಶಗಳಲ್ಲಿ ಹೋಟೆಲುಗಳ ಪ್ರತ್ಯೇಕ ಲೋಟ ಪದ್ಧತಿಯ ಬಗ್ಗೆ ಕೇಳಿಬಲ್ಲ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಸಾತಾರಾದಲ್ಲಿ ಬಿಳಿಯರ ಜಿಮಖಾನಾ ವಿರುದ್ಧ ನಡೆದ ಪಂದ್ಯದಲ್ಲಿ ಬಾಲೂ ಅವರ ಸ್ಪಿನ್ ತಿರುಗದಿರಲೆಂದು ಪಿಚ್ಚನ್ನು ವಾರವಿಡೀ ರೋಲ್ ಮಾಡಿಸಲಾಗಿತ್ತು. ಆದಾಗ್ಯೂ ಅವರು 7 ವಿಕೆಟ್ ಪಡೆದರು. ರೋಲರ್ ಎಳೆದೇ ಬೆಳೆದವರಿಗೆ ಗಟ್ಟಿ ಪಿಚ್ಚಿನ ಸ್ವಭಾವವೂ ತಿಳಿದಿರುತ್ತದೆ ಎಂಬುದು ಎದುರಾಳಿಗಳ ಗಮನಕ್ಕೆ ಬಂದಿರಲಿಲ್ಲವೆಂದು ತೋರುತ್ತದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಆ ತಂಡದ ಆಟಗಾರರಿಗೆ, ಜೊತೆಯಲ್ಲಿ ಆಡುವುದಾದರೆ ಜೊತೆಯಲ್ಲಿ ಉಣ್ಣುವುದಕ್ಕೂ ಅಡ್ಡಿಯಿರಬಾರದೆಂದು ತಿಳಿಹೇಳಿದರು.

ಮುಂಬಯಿಯಲ್ಲಿ ಮತ್ತು 1906ರ ಗೆಲುವು

1896ರಲ್ಲಿ ಪ್ಲೇಗ್ ಹಾವಳಿ ಆರಂಭವಾದ ತರುವಾಯದ ವರ್ಷಗಳಲ್ಲಿ ಬಾಲೂ ಮುಂಬಯಿಗೆ ತೆರಳಿದರು. ಅಲ್ಲಿನ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾ ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. ಇಲ್ಲಿಯೂ ಆರಂಭದಲ್ಲಿ ಆಕ್ಷೇಪಣೆಗಳಿದ್ದವು. ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಉದ್ಯೋಗ ದೊರೆತು, ಆ ಸಂಸ್ಥೆಯ ತಂಡಕ್ಕೂ ಆಡಿದರು. ಅಂದರೆ ಜೀವನೋಪಾಯವೂ ಆಟವೂ ಒಂದನ್ನೊಂದು ಆಧರಿಸಿದ್ದವು. ಇಂದಿನ ಅರ್ಥದಲ್ಲಿ ವೃತ್ತಿಪರ ಗುತ್ತಿಗೆ ಇಲ್ಲದಿದ್ದರೂ, ಕ್ರಿಕೆಟ್ಟಿನಿಂದಲೇ ಬದುಕು ಕಟ್ಟಿಕೊಂಡ ಮೊದಲ ಭಾರತೀಯರ ಸಾಲಿನಲ್ಲಿ ಅವರನ್ನು ಸೇರಿಸಬಹುದು.

ಫೆಬ್ರವರಿ 1906ರಲ್ಲಿ ಹಿಂದೂ ತಂಡ ಮತ್ತು ಯುರೋಪಿಯನ್ ತಂಡಗಳ ನಡುವೆ ಮುಂಬಯಿಯಲ್ಲಿ ಪಂದ್ಯ ನಡೆಯಿತು. ಬಂಗಾಳ ವಿಭಜನೆಯ ನಂತರ ಸ್ವದೇಶಿ ಚಳವಳಿ ಕಾವೇರಿದ್ದ ಸಮಯವದು. ಹಿಂದೂ ತಂಡ 242 ಮತ್ತು 160 ಓಟ ಗಳಿಸಿದರೆ, ಯುರೋಪಿಯನ್ನರು 191 ಮತ್ತು 102 ಓಟಗಳಿಗೆ ಔಟಾದರು. 109 ಓಟಗಳ ಈ ಗೆಲುವಿನಲ್ಲಿ ಬಾಲೂ ಮೊದಲ ಇನ್ನಿಂಗ್ಸ್‌ನಲ್ಲಿ 3 ಹಾಗೂ ಎರಡನೆಯದರಲ್ಲಿ 5 ವಿಕೆಟ್ ಪಡೆದರು. ಶಿವರಾಮ ಸಹ ಆ ತಂಡದಲ್ಲಿದ್ದರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಪ್ರಮುಖವಾಗಿ ಪ್ರಕಟವಾಯಿತು. ಮರುವರ್ಷ, 1907ರಲ್ಲಿ, ಮುಂಬಯಿಯ ತ್ರಿಕೋನ ಪಂದ್ಯಾವಳಿ ಆರಂಭವಾಯಿತು. 1912ರಲ್ಲಿ ಮುಸ್ಲಿಂ ತಂಡವೂ ಸೇರಿ ಅದು ಚತುಷ್ಕೋನ ಪಂದ್ಯಾವಳಿಯಾಯಿತು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಕಪ್ಪು ವರ್ಣೀಯರನ್ನು ದಶಕಗಳ ಕಾಲ ಪ್ರಮುಖ ಲೀಗುಗಳಿಂದ ಹೊರಗಿಡಲಾಗಿತ್ತು. ಜಾಕಿ ರಾಬಿನ್‌ಸನ್ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಕಣಕ್ಕಿಳಿದು ಆ ಗೋಡೆಯನ್ನು ಒಡೆದದ್ದು 1947ರ ಏಪ್ರಿಲ್ 15ರಂದು. ಬಾಲೂ ಅವರ ಮುಂಬಯಿಯ ಗೆಲುವು ಅದಕ್ಕಿಂತ 41 ವರ್ಷ ಹಿಂದಿನದು. ರಾಬಿನ್‌ಸನ್ ಅವರ ಹೆಸರು ಜಗತ್ತಿಗೆಲ್ಲ ತಿಳಿದಿದೆ. ಬಾಲೂ ಅವರ ಹೆಸರು ಅವರು ಹುಟ್ಟಿದ ರಾಜ್ಯದಲ್ಲಿಯೇ ಸಾಕಷ್ಟು ತಿಳಿದಿಲ್ಲ.

1911ರ ಇಂಗ್ಲೆಂಡ್ ಪ್ರವಾಸ

ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು 1911ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಬೆಳೆಸಿತು. ಬಾಲೂ ಮತ್ತು ಶಿವರಾಮ ಇಬ್ಬರೂ ಆಯ್ಕೆಯಾಗಿದ್ದರು. ನಾಯಕರು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಮಾರಂಭಗಳಲ್ಲಿ ನಿರತರಾಗಿ ಕೆಲವೇ ಪಂದ್ಯಗಳನ್ನು ಆಡಿದರು. ತಂಡದ ಉತ್ತಮ ಬ್ಯಾಟ್ಸ್‌ಮನ್ ಆಗಿದ್ದ ಮಿಸ್ತ್ರಿಯವರೂ ಮಹಾರಾಜರ ಜೊತೆಯಲ್ಲಿಯೇ ಉಳಿದರು. ಹೀಗಾಗಿ ಬೌಲಿಂಗಿನ ಭಾರವೆಲ್ಲ ಸುಮಾರು 35 ವಯಸ್ಸಿನ, ಭುಜದ ನೋವಿನಿಂದ ಬಳಲುತ್ತಿದ್ದ ಬಾಲೂ ಅವರ ಮೇಲೆ ಬಿತ್ತು.

ತಂಡವು ಆಡಿದ 23 ಪಂದ್ಯಗಳ ಪೈಕಿ 6ರಲ್ಲಿ ಗೆದ್ದು, 15ರಲ್ಲಿ ಸೋತು, 2ನ್ನು ಡ್ರಾ ಮಾಡಿಕೊಂಡಿತು. ಇಂತಹ ಸೋಲುಗಳ ನಡುವೆಯೂ ಬಾಲೂ ಒಟ್ಟು 114 ವಿಕೆಟ್‌ಗಳನ್ನು 18.84ರ ಸರಾಸರಿಯಲ್ಲಿ ಪಡೆದರು. ಇವುಗಳಲ್ಲಿ 75 ವಿಕೆಟ್‌ಗಳು ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ 103 ಓಟಗಳಿಗೆ 8 ವಿಕೆಟ್ ಪಡೆದದ್ದು ಅವರ ಜೀವಮಾನದ ಅತ್ಯುತ್ತಮ ಸಾಧನೆ. ಲೀಸ್ಟರ್‌ಶೈರ್ ಕೌಂಟಿಯ ವಿರುದ್ಧ ಎರಡೂ ಇನ್ನಿಂಗ್ಸ್ ಸೇರಿ 11 ವಿಕೆಟ್ ಗಳಿಸಿ ತಂಡದ ಗೆಲುವಿಗೆ ಕಾರಣರಾದರು. ಸಾಮರ್‌ಸೆಟ್ ಕೌಂಟಿಯ ವಿರುದ್ಧದ ರೋಚಕ ಗೆಲುವಿನಲ್ಲಿ ಶಿವರಾಮ ಅವರ ಶತಕ ನಿರ್ಣಾಯಕವಾಯಿತು. ಪ್ರವಾಸದಿಂದ ಮರಳಿದಾಗ ಮುಂಬಯಿಯ ಶೋಷಿತ ವರ್ಗಗಳ ಜನರು ಬಾಲೂ ಅವರನ್ನು ಸನ್ಮಾನಿಸಿದರು. ಆಗ ಇಪ್ಪತ್ತರ ಹರೆಯದಲ್ಲಿದ್ದ ಭೀಮರಾವ್ ಅಂಬೇಡ್ಕರ್ ಅವರಿಗೂ ಬಾಲೂ ಮೆಚ್ಚಿನ ಆಟಗಾರರಾಗಿದ್ದರು.

ನಾಯಕತ್ವದ ಪ್ರಶ್ನೆ

ಸಾಧನೆಗಳ ಆಧಾರದಲ್ಲಿ ಹಿಂದೂ ತಂಡದ ನಾಯಕತ್ವವು ಬಾಲೂ ಅವರಿಗೆ ಸಲ್ಲಬೇಕಾಗಿತ್ತು. ವರ್ಷದಿಂದ ವರ್ಷಕ್ಕೆ ಅದು ಮೇಲ್ಜಾತಿಯ ಆಟಗಾರರಿಗೆ ಹೋಯಿತು. ನಾಯಕರಾಗಿದ್ದ ಎಂ.ಡಿ. ಪೈ ಅವರೇ ಈ ಗೌರವ ಬಾಲೂ ಅವರಿಗೆ ಸಲ್ಲಬೇಕಾದದ್ದೆಂದು ಸಾರ್ವಜನಿಕವಾಗಿ ತಿಳಿಸಿದ್ದು ಅವರ ದೊಡ್ಡತನ. ಆದರೆ ಒಳ್ಳೆಯ ಮಾತಿನಿಂದ ಆದೇಶ ಬದಲಾಗಲಿಲ್ಲ.

1920ರ ಡಿಸೆಂಬರಿನಲ್ಲಿ ವಿಷಯ ಬಿಗಡಾಯಿಸಿತು. ಮುಸ್ಲಿಂ ತಂಡದ ವಿರುದ್ಧದ ಪಂದ್ಯಕ್ಕೆ ಬಾಲೂ ಅವರನ್ನು ಕೈಬಿಡಲಾಯಿತು. ಪೈ ಅವರ ಗೈರುಹಾಜರಿಯಲ್ಲಿ ಹಿರಿತನ ಹೊಂದಿದ್ದ ವಿಠ್ಠಲ ಅವರನ್ನು ಬದಿಗಿರಿಸಿ ಡಿ.ಬಿ. ದೇವಧರ್ ಅವರನ್ನು ನಾಯಕರನ್ನಾಗಿ ನೇಮಿಸಲಾಯಿತು. ವಿಠ್ಠಲ ಮತ್ತು ಶಿವರಾಮ ಇದನ್ನು ಪ್ರತಿಭಟಿಸಿ, ಪತ್ರಿಕಾ ಹೇಳಿಕೆ ನೀಡಿ ತಂಡದಿಂದ ಹೊರಬಂದರು. ಸಾರ್ವಜನಿಕರ ಒತ್ತಡಕ್ಕೆ ಮಣಿದ ಆಯ್ಕೆಗಾರರು ಪಾರ್ಸಿಗಳ ವಿರುದ್ಧದ ಅಂತಿಮ ಪಂದ್ಯಕ್ಕೆ ಸಹೋದರರನ್ನು ಮರಳಿ ಕರೆದು, ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ಆ ಪಂದ್ಯದಲ್ಲಿ ಪೈ ಅವರು ಮೈದಾನದಿಂದ ಹೊರಗಿದ್ದ ಹೊತ್ತಿನಲ್ಲಿ ಬಾಲೂ ತಂಡವನ್ನು ಮುನ್ನಡೆಸಿದರು. ಅವರ ಪಾಲಿಗೆ ದಕ್ಕಿದ ನಾಯಕತ್ವ ಇಷ್ಟೇ. 1923ರಲ್ಲಿ ವಿಠ್ಠಲ ಅವರು ಪೂರ್ಣ ಪ್ರಮಾಣದ ನಾಯಕರಾಗಿ ನೇಮಕಗೊಂಡು ಅದೇ ವರ್ಷ ಚತುಷ್ಕೋನ ಪ್ರಶಸ್ತಿಯನ್ನು ಗೆದ್ದುಕೊಟ್ಟರು.

ಬಾಲೂ ಅವರು ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದಿದ್ದು, 17 ಬಾರಿ ಇನ್ನಿಂಗ್ಸ್ ಒಂದರಲ್ಲಿ 5 ಅಥವಾ ಹೆಚ್ಚು ವಿಕೆಟ್ ಗಳಿಸಿದ್ದಾರೆ. ಪಂದ್ಯವೊಂದಕ್ಕೆ ಐದಕ್ಕಿಂತ ಹೆಚ್ಚು ವಿಕೆಟ್ ಎಂದಾಯಿತು. ಭಾರತದ ಮೊದಲ ಟೆಸ್ಟ್ ನಡೆದದ್ದು 1932ರ ಜೂನ್‌ನಲ್ಲಿ. ಆಗ ಅವರಿಗೆ 56 ವರ್ಷ ವಯಸ್ಸಾಗಿದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಸಾರ್ವಜನಿಕ ಜೀವನ

1932ರ ಸೆಪ್ಟೆಂಬರ್‌ನಲ್ಲಿ, ಶೋಷಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರ ನೀಡಿದ ಬ್ರಿಟಿಷ್ ಸರ್ಕಾರದ ತೀರ್ಪಿನ ವಿರುದ್ಧ ಮಹಾತ್ಮ ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿ ಉಪವಾಸ ಕೈಗೊಂಡಾಗ, ಎಂ.ಸಿ. ರಾಜಾ ಅವರೊಂದಿಗೆ ಬಾಲೂ ಅವರೂ ಡಾ. ಅಂಬೇಡ್ಕರ್ ಅವರೊಡನೆ ಮಾತುಕತೆ ನಡೆಸಿದರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಡಾ. ಅಂಬೇಡ್ಕರ್ ಅವರ ವಿರುದ್ಧ ಬಾಲೂ ಅವರನ್ನೇ ಕಣಕ್ಕಿಳಿಸಿತು. ಬಾಲೂ ಪರಾಭವಗೊಂಡರು. ಒಂದು ಕಾಲದಲ್ಲಿ ತಮ್ಮನ್ನು ಮೆಚ್ಚಿಕೊಂಡಿದ್ದವರ ಎದುರಿಗೆ ಅವರು ನಿಲ್ಲಬಾರದಿತ್ತೆಂದು ಹೇಳುವವರಿದ್ದಾರೆ. ಹಿಂದೂ ಸಮಾಜದ ಒಳಗಿದ್ದೇ ಬದಲಾವಣೆ ಸಾಧ್ಯವೆಂಬ ಅವರ ನಂಬಿಕೆ, ಮೈದಾನದಲ್ಲಿ ಹೆಜ್ಜೆ ಹೆಜ್ಜೆಯಾಗಿ ಸ್ಥಾನ ಪಡೆದ ಅವರ ಅನುಭವದಿಂದಲೇ ಬಂದಿರಬಹುದು. ಅಂಬೇಡ್ಕರ್ ಅವರ ಅನುಭವ ಅವರನ್ನು ಬೇರೆ ದಾರಿಗೆ ಕರೆದೊಯ್ದಿತು.

ನಿಧನ

ಪಲ್ವಂಕರ್ ಬಾಲೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು. ಕ್ರಿಕೆಟಿಗರೂ ರಾಜಕೀಯ ಮುಖಂಡರೂ ಅವರ ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡಿದ್ದರು. ಅದಕ್ಕೆ ಒಂದು ತಿಂಗಳ ಹಿಂದೆ, 1955ರ ಜೂನ್ 1ರಂದು, ಅಸ್ಪೃಶ್ಯತೆ (ಅಪರಾಧಗಳ) ಅಧಿನಿಯಮವು ದೇಶದಲ್ಲಿ ಜಾರಿಗೆ ಬಂದಿತ್ತು. ಸಾರ್ವಜನಿಕ ಹೋಟೆಲುಗಳಲ್ಲಿ ಇರಿಸಿದ ಪಾತ್ರೆ-ಲೋಟಗಳ ಬಳಕೆಯನ್ನು ಅಸ್ಪೃಶ್ಯತೆಯ ಕಾರಣಕ್ಕಾಗಿ ನಿರಾಕರಿಸುವುದು ಆ ಅಧಿನಿಯಮದ 4ನೇ ಪ್ರಕರಣದನ್ವಯ ಶಿಕ್ಷಾರ್ಹ ಅಪರಾಧವಾಯಿತು. 1976ರಿಂದ ಇದನ್ನು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ ಎಂದು ಕರೆಯಲಾಗುತ್ತಿದೆ.