ಕೂಲಿಕಾರರನ್ನು ಮಾಲೀಕರನ್ನಾಗಿ ಮಾಡಿದ ಎ.ಕೆ. ಗೋಪಾಲನ್



ನಮ್ಮ ಸಂಘ 25 ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಒಬ್ಬ ಮಹನೀಯರ ಜೀವನವನ್ನು ನಾಲ್ಕು ಮಾತಿನಲ್ಲಿ ತಿಳಿಸಲು ಇಚ್ಛಿಸುತ್ತೇವೆ. ಸಹಕಾರ ಅಂದರೆ ಬರೀ ಸಾಲ, ಗೊಬ್ಬರ ಅಂತ ತಿಳಿದವರು ಇದನ್ನು ಅವಶ್ಯ ಓದಬೇಕು.

ಎ.ಕೆ. ಗೋಪಾಲನ್ ಅವರು 1904ರ ಅಕ್ಟೋಬರ್ 1ರಂದು ಕೇರಳದ ಕಣ್ಣೂರಿನ ಹತ್ತಿರ ಹುಟ್ಟಿದರು. ಮೊದಲು ಶಾಲಾ ಮಾಸ್ತರರಾಗಿದ್ದರು. ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡರು. 1931ರಲ್ಲಿ ಗುರುವಾಯೂರು ದೇವಸ್ಥಾನ ಎಲ್ಲ ಜಾತಿಯವರಿಗೂ ತೆರೆಯಬೇಕೆಂಬ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ಮುಂದಾಳಾದರು. 1936ರಲ್ಲಿ ಹಸಿದವರ ಜಾಥಾ ಕಟ್ಟಿಕೊಂಡು ಮಲಬಾರಿನಿಂದ ಮದ್ರಾಸಿನವರೆಗೆ ನಡೆದರು. 1952ರಿಂದ ಕಡೆಯವರೆಗೂ ಲೋಕಸಭಾ ಸದಸ್ಯರು. 1957ರಲ್ಲಿ ಅವರನ್ನು ಗೆಲ್ಲಿಸಿದ್ದು ಕನ್ನಡಿಗರೂ ಇರುವ ಕಾಸರಗೋಡು ಕ್ಷೇತ್ರ. ಅವರು ಕಮ್ಯುನಿಸ್ಟರು. ಪಕ್ಷದ ಮಾತು ಇಲ್ಲಿ ಬೇಡ, ಅವರು ಮಾಡಿದ ಸಹಕಾರದ ಕೆಲಸ ನೋಡೋಣ.

ದೇಶದಲ್ಲಿ ಕಾಫಿ ಕುಡಿಯುವವರು ಹೆಚ್ಚಲಿ ಅಂತ 1936ರಲ್ಲಿ ಬೊಂಬಾಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. ಮುಂದೆ ಕಾಫಿ ಬೋರ್ಡು ಇಂಥವನ್ನು ಊರೂರಲ್ಲಿ ನಡೆಸಿತು. 1950ರ ದಶಕದ ನಡುವೆ ಬೋರ್ಡು ಇವನ್ನು ಮುಚ್ಚಲು ನಿರ್ಧರಿಸಿತು. ಅಡಿಗೆಯವರು, ಸಪ್ಲೈಯರ್‌ಗಳು, ಲೋಟ ತೊಳೆಯುವವರು ಬೀದಿಗೆ ಬೀಳುವ ಹಾಗಾಯ್ತು.

ಬರೀ ಧರಣಿ ಕೂತರೆ ಹೊಟ್ಟೆ ತುಂಬೋದಿಲ್ಲ. ಕಾಫಿ ಕಾಯಿಸೋದು, ಬಡಿಸೋದು, ಲೆಕ್ಕ ಇಡೋದು ಎಲ್ಲಾ ಬಲ್ಲವರು ಆ ಕಾರ್ಮಿಕರೇ. ಹಾಗಿದ್ದಮೇಲೆ ಹೋಟೆಲನ್ನೂ ಅವರೇ ಯಾಕೆ ನಡೆಸಬಾರದು? ಗೋಪಾಲನ್ನರು ಈ ದಾರಿ ತೋರಿಸಿದರು. 1957ರ ಆಗಸ್ಟ್ 19ರಂದು ಮೊದಲ ಕಾಫಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ! ಅದೇ ಅಕ್ಟೋಬರ್ 27ಕ್ಕೆ ದೆಹಲಿಯಲ್ಲಿ, 1958ರ ಮಾರ್ಚ್ 8ಕ್ಕೆ ತ್ರಿಶೂರಿನಲ್ಲಿ ಕಾರ್ಮಿಕರದೇ ಹೋಟೆಲು ಶುರುವಾದವು. ಹೆಸರು ಇಂಡಿಯನ್ ಕಾಫಿ ಹೌಸ್ ಅಂತ ಆಯ್ತು.

ಇಲ್ಲಿ ಕೆಲಸಗಾರನೇ ಷೇರುದಾರ. ಆಡಳಿತ ಮಂಡಳಿಯನ್ನು ಅವರೊಳಗಿಂದಲೇ ಆರಿಸುತ್ತಾರೆ. ಮೇಜು ಒರೆಸುವ ಕೆಲಸಕ್ಕೆ ಸೇರಿದವನು ಮ್ಯಾನೇಜರ್ ಆಗಬಹುದು. ಲಾಭ ಬಂದರೂ ನಷ್ಟವಾದರೂ ಅವರದೇ. ಬೈಯೋಣವೆಂದರೆ ಮೇಲೆ ಧಣಿ ಇಲ್ಲ.

ಕಷ್ಟ ಬರಲಿಲ್ಲವೆಂದಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯ ಹೆಸರುವಾಸಿ ಕಾಫಿ ಹೌಸ್ 2009ರಲ್ಲಿ ಬಾಡಿಗೆ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯ್ತು. ಸಂಘಕ್ಕೆ ಸ್ವಂತ ಸೂರು ಎಷ್ಟು ಮುಖ್ಯ ಎಂಬುದಕ್ಕೆ ಇದೇ ಸಾಕ್ಷಿ.

ಗೋಪಾಲನ್ನರು 1977ರ ಮಾರ್ಚ್ 22ರಂದು ತೀರಿಕೊಂಡರು. ಅವರು ಹಚ್ಚಿದ ಒಲೆ ಆರಲಿಲ್ಲ. ಲೋಟ ತೊಳೆಯುವವರು ಸಂಘ ಉಳಿಸಿಕೊಂಡರೆ ಭೂಮಿ ಇರುವ ರೈತರಾದ ನಮಗೆ ಆಗದೇ? ಸಂಘ ಸೆಕ್ರೆಟರಿಯದೂ ಅಲ್ಲ, ಡೈರೆಕ್ಟರುಗಳಾದ ನಮ್ಮದೂ ಅಲ್ಲ, ಷೇರು ಹಾಕಿದ ಪ್ರತಿಯೊಬ್ಬರದು. ವಾರ್ಷಿಕ ಸಭೆಗೆ ತಪ್ಪದೆ ಬನ್ನಿ, ಲೆಕ್ಕ ಕೇಳಿ, ಪಡೆದ ಸಾಲ ಗಡುವಿನೊಳಗೆ ಕಟ್ಟಿ ಎಂದು ಸದಸ್ಯರಲ್ಲಿ ನಮ್ಮ ಕಳಕಳಿಯ ವಿನಂತಿ.