ಟೇಲರ್ ಸಾಹೇಬನ ಮೊದಲ ಚಾಕರಿ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲನ್ನು ಕಟ್ಟಿಸಿದಾತನು ದೊಡ್ಡದೊಂದು ಹೆಸರನ್ನು ನಂಬಿ ಕೆಟ್ಟೇ ಈ ಸೀಮೆಗೆ ಬಂದನೆಂದರೆ ವಾಚಕರು ಬೆರಗಾದಾರು. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಫಿಲಿಪ್ ಮೆಡೋಸ್ ಟೇಲರನು ಹದಿನೈದರ ಹರೆಯದಲ್ಲಿ ಹಡಗೇರಿದುದು ಮುಂಬಯಿಯ ವರ್ತಕ ಬ್ಯಾಕ್ಸ್ಟರನ ಕೋಠಿಯಲ್ಲಿ ಗುಮಾಸ್ತನಾಗಲೆಂದು. ಮುಂದೆ ಪಾಲುಗಾರನಾಗುವ ಆಸೆಯೂ ಇತ್ತು. 1824ರ ಸೆಪ್ಟೆಂಬರಿನಲ್ಲಿ ಬಂದಿಳಿದು ನೋಡಿದರೆ ವ್ಯಾಪಾರ ಮುಗ್ಗರಿಸಿತ್ತು, ಹೆಸರೊಂದೇ ಉಳಿದಿತ್ತು. (ಇಂದಿಗೂ ಸನದು ಪಡೆದ ತರುಣರು ದೊಡ್ಡ ವಕೀಲರ ಕಚೇರಿಯ ನಾಮಫಲಕವನ್ನಷ್ಟೇ ಓದಿ ಒಳಹೊಗುವುದುಂಟು.) ಬಂಧುವೊಬ್ಬನ ನೆರವಿನಿಂದ ಹುಡುಗನು ನಿಜಾಮನ ಸೈನ್ಯ ಸೇರಿದನು.

ಕಾನೂನು, ಭೂಮಾಪನ, ದೇಶಭಾಷೆಗಳು, ಎಲ್ಲವೂ ಸ್ವಪ್ರಯತ್ನದಿಂದಲೇ ಬಂದವು. 1853ರವರೆಗೆ ಹತ್ತಕ್ಕೂ ಹೆಚ್ಚು ವರ್ಷ ಅವನು ಸುರಪುರದಲ್ಲಿದ್ದು, ಬಾಲರಾಜ ವೆಂಕಟಪ್ಪನಾಯಕನ ಸಂಸ್ಥಾನವನ್ನು ನೋಡಿಕೊಂಡನು. ಬಾಲಕನು ಅವನನ್ನು ಅಪ್ಪನೆಂದೇ ಕರೆಯುತ್ತಿದ್ದನು. 1858ರಲ್ಲಿ ಅದೇ ರಾಜನು ಕಂಪನಿ ಸರಕಾರದ ವಿರುದ್ಧ ಬಂಡೆದ್ದು ಸೆರೆಯಾದಾಗ, ಟೇಲರನು ಸೆರೆಮನೆಗೇ ಹೋಗಿ ಅವನನ್ನು ಕಂಡನು. ಮರಣದಂಡನೆ ಕಡೆಗೆ 4 ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಅಲ್ಲಿಗೆ ಒಯ್ಯುವಾಗ ಹಾದಿಯಲ್ಲಿಯೇ ರಾಜನು ಪಿಸ್ತೂಲಿನ ಗುಂಡಿಗೆ ಅಸುನೀಗಿದನು.