ಹಸಿದ ಮಕ್ಕಳಿಗಾಗಿ ಫುಟ್‌ಬಾಲ್ ಕ್ಲಬ್ ಕಟ್ಟಿದ ಬ್ರದರ್ ವಾಲ್‌ಫ್ರಿಡ್

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ ಜಗತ್ತಿಗೇ ಪರಿಚಿತ. ಅದರ ಸ್ಥಾಪನೆಗೆ ಕಾರಣರಾದವರು ಒಬ್ಬ ಧಾರ್ಮಿಕ ಸಹೋದರರು. ಅವರ ಉದ್ದೇಶ ಶಾಲಾಮಕ್ಕಳ ಮಧ್ಯಾಹ್ನದ ಊಟ.

ಆಂಡ್ರೂ ಕೆರಿನ್ಸ್ 1840ರ ಮೇ 18ರಂದು ಐರ್ಲೆಂಡಿನ ಸ್ಲೈಗೋ ಪ್ರಾಂತ್ಯದ ಬ್ಯಾಲಿಮೋಟ್‌ನಲ್ಲಿ ಜನಿಸಿದರು. ಅವರಿಗೆ ಐದು ವರ್ಷವಾದಾಗ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ನಾಡು ಬಿಟ್ಟರು. ಅವರಲ್ಲಿ ಅನೇಕರು ಗ್ಲಾಸ್ಗೋದ ಪೂರ್ವಭಾಗದ ಇಕ್ಕಟ್ಟಾದ ಕೋಣೆಗಳನ್ನು ಸೇರಿದರು. ಕಡಿಮೆ ಕೂಲಿಗೆ ದುಡಿಯುವವರೆಂದೂ ಕಥೋಲಿಕರೆಂದೂ ಅವರನ್ನು ದೂರವಿಡಲಾಗುತ್ತಿತ್ತು. ಹದಿಹರೆಯದಲ್ಲಿ ಅಲ್ಲಿಗೆ ಬಂದ ಆಂಡ್ರೂ 1864ರಲ್ಲಿ ಮಾರಿಸ್ಟ್ ಸಹೋದರರ ಸಭೆಗೆ ಸೇರಿ ವಾಲ್‌ಫ್ರಿಡ್ ಎಂಬ ಹೆಸರು ಪಡೆದರು. ಮುಂದೆ ಸೇಕ್ರೆಡ್ ಹಾರ್ಟ್ ಶಾಲೆಯ ಮುಖ್ಯೋಪಾಧ್ಯಾಯರಾದರು.

ಮಕ್ಕಳ ಹಸಿವನ್ನು ಕಂಡ ಅವರು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ನೆರವಿನಿಂದ ಒಂದು ಪೆನ್ನಿಯ ಊಟ ಆರಂಭಿಸಿದರು. ಪೆನ್ನಿ ಕೊಡಲಾಗದವರಿಗೆ ಊಟ ಉಚಿತ. ಆದರೆ ಇದಕ್ಕೆ ಹಣ ಎಲ್ಲಿಂದ? ಎಡಿನ್‌ಬರೋದ ಐರಿಷ್ ವಲಸಿಗರು 1875ರಲ್ಲಿ ಕಟ್ಟಿದ ಹಿಬರ್ನಿಯನ್ ತಂಡ 1887ರಲ್ಲಿ ಸ್ಕಾಟಿಷ್ ಕಪ್ ಗೆದ್ದದ್ದು ಅವರಿಗೆ ದಾರಿ ತೋರಿಸಿತು. ಅದೇ ವರ್ಷ ನವೆಂಬರ್ 6ರಂದು ಸೇಂಟ್ ಮೇರೀಸ್ ಧರ್ಮಕೇಂದ್ರದ ಸಭಾಂಗಣದಲ್ಲಿ ಹೊಸ ಕ್ಲಬ್ ಹುಟ್ಟಿತು. ಐರಿಷರಿಗೂ ಸ್ಕಾಟರಿಗೂ ಸಮಾನವಾಗಿ ಸಲ್ಲುವ ಸೆಲ್ಟಿಕ್ ಎಂಬ ಹೆಸರನ್ನು ಅವರು ಆರಿಸಿದರು. ಆಟಗಾರರಿಗೆ ಧರ್ಮದ ನಿರ್ಬಂಧವಿರಲಿಲ್ಲ.

ಸ್ವಯಂಸೇವಕರೇ ದುಡಿದು ಮೈದಾನ ಸಿದ್ಧಪಡಿಸಿದರು. 1888ರ ಮೇ 28ರಂದು ಮೊದಲ ಪಂದ್ಯದಲ್ಲಿ ರೇಂಜರ್ಸ್ ತಂಡವನ್ನು 5-2ರಿಂದ ಸೋಲಿಸಿದರು. ಪಂದ್ಯಗಳ ಆದಾಯದಿಂದ ಮಕ್ಕಳ ಊಟಕ್ಕೆ ನೆರವಾಯಿತು. ಜೊತೆಗೆ, ಬೇಡದವರಂತೆ ಬದುಕುತ್ತಿದ್ದ ಜನರಿಗೆ ನಗರದಲ್ಲಿ ತಮ್ಮದೆನ್ನಲು ಒಂದು ಸ್ಥಳ ಸಿಕ್ಕಿತು.

ಮುಂದಿನದೆಲ್ಲ ಸಿಹಿಯಾಗಿರಲಿಲ್ಲ. 1892ರಲ್ಲಿ ಅವರಿಗೆ ಲಂಡನ್ನಿಗೆ ವರ್ಗವಾಯಿತು. ಅಲ್ಲಿಯೂ ಬಡಮಕ್ಕಳಿಗಾಗಿ ಫುಟ್‌ಬಾಲ್ ನಡೆಸಿದರು. 1897ರಲ್ಲಿ ಕ್ಲಬ್ ಷೇರುದಾರರ ಕಂಪನಿಯಾಯಿತು, ದಾನಧರ್ಮ ಹಿಂದೆ ಸರಿಯಿತು. ರೇಂಜರ್ಸ್ ಜೊತೆಗಿನ ಪೈಪೋಟಿಗೆ ಮತದ್ವೇಷವೂ ಬೆರೆಯಿತು. ಬ್ರದರ್ ವಾಲ್‌ಫ್ರಿಡ್ 1915ರ ಏಪ್ರಿಲ್ 17ರಂದು ಡಮ್‌ಫ್ರೀಸ್‌ನಲ್ಲಿ ನಿಧನರಾದರು. 1995ರಲ್ಲಿ ಕ್ಲಬ್ ಮತ್ತೆ ದತ್ತಿನಿಧಿ ಸ್ಥಾಪಿಸಿತು. 2005ರಲ್ಲಿ ಮೈದಾನದ ಮುಂದೆ ಅವರ ಪ್ರತಿಮೆ ನಿಂತಿತು.

ಆಟ ತಾನಾಗಿಯೇ ಯಾರನ್ನೂ ಒಂದುಗೂಡಿಸುವುದಿಲ್ಲ. ಅದನ್ನು ಯಾರಿಗಾಗಿ ಆಡಿಸುತ್ತೇವೆ ಎಂಬುದು ಮುಖ್ಯ. ಪಂದ್ಯಾಟಗಳನ್ನು ನಡೆಸುವ ನಮ್ಮ ಯುವಜನ ಸಂಘಟನೆಗಳು, ದುಡಿಮೆಗಾಗಿ ಊರಿಗೆ ಬಂದವರ ಮಕ್ಕಳಿಗೂ ತಂಡದಲ್ಲಿ ಸ್ಥಾನವಿದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.